ಬೇಕರಿಯವನ ಗೋರಿಯ ಮುಂದೆ ಲ್ಯಾಟಿನ್

ಟ್ರಾಮು ತಿರುವಿನಲ್ಲಿ ಕಿರ್ರೆಂದು ಚೀರುತ್ತ ಬಂದು ನಿಲ್ಲುತ್ತದೆ. ಇಲ್ಲೇ ಇಳಿಯಬೇಕು. ಹುಷಾರು, ಎಡಗಡೆಯಿಂದ ಇನ್ನೊಂದು ಟ್ರಾಮು ಬರುತ್ತಿದೆ, ಅದರ ಬೆನ್ನಿಗೇ ಬಸ್ಸು, ಬಸ್ಸಿನ ಸಂದಿಯಲ್ಲಿ ನುಸುಳುವ ಸ್ಕೂಟರುಗಳು. ರಸ್ತೆ ದಾಟಿ ತಲೆಯೆತ್ತಿದರೆ ರೋಮಿನ ಪೋರ್ತಾ ಮಜ್ಜೋರೆ. ಉಳಿಯ ಗುರುತು ಹಾಗೇ ಉಳಿದಿರುವ ಒರಟು ಟ್ರಾವರ್ಟೈನ್ ಬಂಡೆಗಳ ಜೋಡಿ ಕಮಾನು. ಹೆಸರಿಗೆ ಹೆಬ್ಬಾಗಿಲು. ಆದರೆ ಇದನ್ನು ಕಟ್ಟಿದಾಗ ಇಲ್ಲಿ ಕೋಟೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎರಡು ಮೇಲ್ಗಾಲುವೆಗಳು ರಸ್ತೆಯನ್ನು ದಾಟಿ ಹೋಗುವ ಜಾಗ ಇದು. ಕೋಟೆಗೋಡೆ ಬಂದು ಇದಕ್ಕೆ ಅಂಟಿಕೊಂಡದ್ದು ಇನ್ನೂರು ವರ್ಷಗಳ ಮೇಲೆ, ಔರೇಲಿಯನ್ ಚಕ್ರವರ್ತಿಯ ಕಾಲದಲ್ಲಿ.

ಜೂನ್ ತಿಂಗಳ ಬೆಳಿಗ್ಗೆ ಎಂಟು ಗಂಟೆ. ಕಲ್ಲು ಆಗಲೇ ಬಿಸಿಯೇರಿದೆ. ಕೊಲೋಸಿಯಂ ಮುಂದಿನ ಜಾತ್ರೆ ಇಲ್ಲಿಲ್ಲ. ಕೆಲಸಕ್ಕೆ ಹೊರಟವರು ಬಿಟ್ಟರೆ ಕಮಾನಿನ ನೆರಳಲ್ಲಿ ನಿಂತಿರುವವರು ನಾವು ಮಾತ್ರ. ನಮ್ಮದು ದೊಡ್ಡವರ ಲ್ಯಾಟಿನ್ ತರಗತಿ. ಪೋಲೆಂಡಿನಿಂದ ಬಂದ ಒಬ್ಬ ನಿವೃತ್ತ ಎಂಜಿನಿಯರ್ ಇದ್ದಾರೆ, ಊರಿನ ನೀರು ಸರಬರಾಜಿನಲ್ಲೇ ಕೂದಲು ಬೆಳ್ಳಗಾದವರು. ಒಬ್ಬಳು ಜರ್ಮನ್ ನರ್ಸು. ಬ್ರೆಜಿಲ್ಲಿನ ವಕೀಲ. ಮಂಗಳೂರು ಕಡೆಯ ಒಬ್ಬ ಸಿಸ್ಟರ್, ರೋಮಿನ ಒಂದು ಕಾನ್ವೆಂಟಿನಲ್ಲಿ ಇರುವವರು. ಮತ್ತೆ ನಾನು. ಯಾರಿಗೂ ಪರೀಕ್ಷೆಯಿಲ್ಲ, ಸರ್ಟಿಫಿಕೇಟಿನ ಹಂಬಲವಿಲ್ಲ. ಟೀಚರ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಚೀಲದಿಂದ ದುರ್ಬೀನು ತೆಗೆಯುತ್ತಾರೆ.

“ಮೇಲಿನ ಸಾಲಿಂದ ಶುರು ಮಾಡೋಣ. ಮೊದಲು ಯಾರು?”

ದುರ್ಬೀನು ಕೈಯಿಂದ ಕೈಗೆ ದಾಟುತ್ತದೆ. ಕಮಾನಿನ ನೆತ್ತಿಯ ಮೇಲೆ ಮೂರು ಪಟ್ಟಿಗಳಲ್ಲಿ ಮೂರು ಶಾಸನಗಳಿವೆ. ಕಣ್ಣಿಗೆ ಹಿಡಿದೊಡನೆ ಅಕ್ಷರಗಳು ಮುಖಕ್ಕೇ ಬಂದು ನಿಲ್ಲುತ್ತವೆ. ಪದಗಳು ಮಾತ್ರ ಕತ್ತರಿಸಿದ ತುಂಡುಗಳು. ‘ತಿ.’ ಎಂದರೆ ತಿಬೇರಿಯುಸ್. ಆಮೇಲೆ ಕ್ಲಾವ್ದಿಯುಸ್. ‘ದ್ರೂಸಿ ಎಫ್.’ ಎಂದರೆ ದ್ರೂಸುಸನ ಮಗ. ಮುಂದೆ ‘ಕೈಸರ್’. ಪುಸ್ತಕದಲ್ಲಿ ಈ ಹೆಸರಿನ ಮಧ್ಯೆ ‘ಇ’ (E) ಇದ್ದರೆ ಕಲ್ಲಿನಲ್ಲಿ ‘ಐ’ (I) ಇದೆ. ನರ್ಸು ಹುಬ್ಬು ಗಂಟಿಕ್ಕುತ್ತಾಳೆ. ಟೀಚರ್ ಇಂಥ ಪ್ರಶ್ನೆಗೇ ಕಾದಿದ್ದವರಂತೆ ಹೇಳುತ್ತಾರೆ: ಕ್ಲಾಡಿಯಸ್ ಚಕ್ರವರ್ತಿಗೆ ಕಾಗುಣಿತದ ಗೀಳು. ಹಳೆಯ ಬರವಣಿಗೆಯೆಂದರೆ ಪ್ರಾಣ. ಲ್ಯಾಟಿನ್ ಅಕ್ಷರಮಾಲೆಗೇ ಮೂರು ಹೊಸ ಅಕ್ಷರ ಸೇರಿಸಿದವನು ಅವನು. ಅವನು ಸತ್ತ ಮೇಲೆ ಆ ಮೂರನ್ನೂ ಜನ ಕೈಬಿಟ್ಟರು.

“ಚೇಸರ್ ಅಂತಲ್ವಾ ಹೇಳ್ಬೇಕಾದ್ದು?” ಸಿಸ್ಟರ್ ನನ್ನ ಕಡೆ ಬಾಗಿ ಕನ್ನಡದಲ್ಲಿ ಕೇಳುತ್ತಾರೆ. “ನಮ್ಮಜ್ಜಿ ಪೂಜೆಗೆ ಹೋಗುವಾಗ ಪಾದ್ರಿಗಳು ಎಲ್ಲ ಲ್ಯಾಟಿನಿನಲ್ಲೇ ಹೇಳ್ತಿದ್ದದ್ದು. ಅಜ್ಜಿಗೂ ಬಾಯಿಪಾಠ ಇತ್ತು. ಅರ್ಥ ಎಂತ ಅಂತ ಕೇಳಿದ್ರೆ, ದೇವರಿಗೆ ಗೊತ್ತಾಗ್ತದೆ ಮಗಾ ಅಂತಿದ್ರು. ನನಗೂ ಸ್ವಲ್ಪ ಗೊತ್ತಾಗ್ಲಿ ಅಂತ ಬಂದೆ ಮಾರಾಯ್ರೆ.”

“ನಿಮ್ಮಜ್ಜಿದು ಚರ್ಚಿನ ಉಚ್ಚಾರ ಸಿಸ್ಟರ್, ಅದೂ ಸರಿಯೇ. ಇದು ಕ್ಲಾಡಿಯಸನ ಕಾಲದ್ದು.”

“ಹಾಗಾದ್ರೆ ನಾನು ಎರಡೂ ಇಟ್ಕೊಳ್ತೇನೆ.”

1960ರ ದಶಕದವರೆಗೂ ಮಂಗಳೂರಿನ ಇಗರ್ಜಿಗಳಲ್ಲಿ ಬಲಿಪೂಜೆ ಲ್ಯಾಟಿನಿನಲ್ಲೇ ನಡೆಯುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಊರಿನ ಭಾಷೆಗಳು ಬಂದವು. ಆ ಅಜ್ಜಿಯ ಕಿವಿಗೆ ಇಷ್ಟು ಹತ್ತಿರವಿದ್ದ ಭಾಷೆಯ ಅರ್ಥ ಹುಡುಕಿಕೊಂಡು ಮೊಮ್ಮಗಳು ಇಲ್ಲಿ ನಿಂತಿರುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಓದು ಮುಂದುವರಿಯುತ್ತದೆ. ಮಹಾಪುರೋಹಿತ, ಹನ್ನೆರಡನೆಯ ಸಲದ ಜನಾಧಿಕಾರ, ಐದನೆಯ ಸಲ ಕಾನ್ಸುಲ್, ಇಪ್ಪತ್ತೇಳು ಸಲ ವಿಜಯಿ ಎಂದು ಘೋಷಿಸಲ್ಪಟ್ಟವನು, ನಾಡಿಗೆ ತಂದೆ. ಎರಡು ಸಾಲು ಮುಗಿದರೂ ಕ್ರಿಯಾಪದದ ಸುಳಿವಿಲ್ಲ. ಬ್ರೆಜಿಲ್ಲಿನ ವಕೀಲರಿಗೆ ತಾಳ್ಮೆ ಕೆಡುತ್ತಿದೆ. “ಈ ಮನುಷ್ಯ ಮಾಡಿದ್ದಾದರೂ ಏನು?” ಸಿಸ್ಟರಿಗೂ ನನಗೂ ಆ ಅವಸರವಿಲ್ಲ. ನಮ್ಮ ಶಾಸನಗಳಲ್ಲೂ ಬಿರುದಾವಳಿ ಮುಗಿಯದೆ ಕೆಲಸದ ಮಾತು ಬರುವುದಿಲ್ಲ, ನಮ್ಮ ವಾಕ್ಯದಲ್ಲೂ ಕ್ರಿಯಾಪದ ಬಾಗಿಲ ಹತ್ತಿರ ಕೊನೆಯಲ್ಲೇ ಕೂತಿರುತ್ತದೆ. ಕಾಯುವುದು ಹೇಗೆಂದು ಕನ್ನಡ ಬಲ್ಲವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೂರನೆಯ ಸಾಲು. ಅಕ್ವಾಸ್ ಕ್ಲಾವ್ದಿಯಂ: ಇಲ್ಲಿಗೆ ನೀರು ಬಂತು, ದ್ವಿತೀಯಾ ವಿಭಕ್ತಿಯಲ್ಲಿ. ಎಕ್ಸ್ ಫೊಂತಿಬುಸ್: ಚಿಲುಮೆಗಳಿಂದ. ಕೈರುಲೆಯುಸ್, ಕುರ್ತಿಯುಸ್ ಎಂದು ಕರೆಯುತ್ತಿದ್ದ ಎರಡು ಚಿಲುಮೆಗಳು, 45ನೇ ಮೈಲಿಗಲ್ಲಿನಿಂದ. ಹಾಗೆಯೇ ಹೊಸ ಅನಿಯೋ ಕಾಲುವೆ, 62ನೇ ಮೈಲಿಗಲ್ಲಿನಿಂದ. ಸುವಾ ಇಂಪೆನ್ಸಾ: ತನ್ನ ಖರ್ಚಿನಿಂದ. ಇನ್ ಉರ್ಬೆಂ: ನಗರದೊಳಕ್ಕೆ. ಕಟ್ಟಕಡೆಗೆ ‘ಪೆರ್ದೂಕೆಂದಾಸ್ ಕೂರಾವಿತ್’. ಟೀಚರ್ ಇದಕ್ಕೆ ಇಂಗ್ಲಿಷಿನಲ್ಲಿ ಉದ್ದದ ವಿವರಣೆ ಕೊಡುತ್ತಾರೆ: ತರಬೇಕಾದವುಗಳಾಗಿದ್ದ ನೀರುಗಳ ಬಗ್ಗೆ ಅವನು ಕಾಳಜಿ ವಹಿಸಿದ ಎಂಬಂಥದ್ದು. ಸಿಸ್ಟರ್ ಹಾಳೆಯ ಅಂಚಿನಲ್ಲಿ ಕನ್ನಡದ ಒಂದೇ ಪದ ಬರೆದುಕೊಳ್ಳುತ್ತಾರೆ: ತರಿಸಿದ.

ಸಾಲಿನಲ್ಲಿದ್ದ ‘ಇಂದ’ಗಳನ್ನು ಗಮನಿಸಿದಿರಾ? ಚಿಲುಮೆಗಳಿಂದ, ಮೈಲಿಗಲ್ಲಿನಿಂದ, ಖರ್ಚಿನಿಂದ. ಎಲ್ಲಿಂದ ಬಂತು ಎನ್ನುವುದಕ್ಕೂ ಯಾವುದರಿಂದ ಆಯಿತು ಎನ್ನುವುದಕ್ಕೂ ಲ್ಯಾಟಿನಿನಲ್ಲಿ ಒಂದೇ ವಿಭಕ್ತಿ. ಸಂಸ್ಕೃತದಲ್ಲಿ ತೃತೀಯಾ, ಪಂಚಮೀ ಎಂದು ಬೇರೆಬೇರೆಯಾಗಿರುವುದನ್ನು ಲ್ಯಾಟಿನ್ ಒಂದು ಮಾಡಿದೆ. ಆಡುಗನ್ನಡದ ‘ಇಂದ’ ಕೂಡ ಇವೆರಡನ್ನೂ ಒಟ್ಟಿಗೇ ಹೊರುತ್ತದೆ. ಯುರೋಪಿನ ಪಠ್ಯಪುಸ್ತಕಗಳು ಈ ವಿಭಕ್ತಿಗೆ ಅಧ್ಯಾಯಗಳನ್ನೇ ಮೀಸಲಿಟ್ಟಿವೆ. ನಮ್ಮ ಕಿವಿಗೆ ಅದು ಮೊದಲೇ ಮನೆಯದು. ಕನ್ನಡದಲ್ಲಿ ಲ್ಯಾಟಿನ್ ವ್ಯಾಕರಣ ಬರೆಯುವವರು ಯಾರಾದರೂ ಬಂದರೆ ಇಲ್ಲಿಂದಲೇ ಶುರು ಮಾಡಲಿ ಎಂಬುದು ನನ್ನ ಮನಃಪೂರ್ವಕ ಬಯಕೆ. ಹ್ರಸ್ವ ದೀರ್ಘಗಳ ವಿಷಯವೂ ಹೀಗೇ. ‘ಒಸ್’ ಎಂದರೆ ಮೂಳೆ, ‘ಓಸ್’ ಎಂದರೆ ಬಾಯಿ. ಆಫ್ರಿಕಾದ ಜನರ ಕಿವಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಸಂತ ಅಗಸ್ಟೀನ್ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಅವನೂ ಆ ಕಡೆಯವನೇ. ಒ, ಓ ಎರಡನ್ನೂ ಅಕ್ಷರಮಾಲೆಯಲ್ಲೇ ಇಟ್ಟುಕೊಂಡವರಿಗೆ ಈ ತೊಂದರೆಯಿಲ್ಲ.

ಎಂಜಿನಿಯರ್ ಸಾಹೇಬರು ಮಾತ್ರ ಇಷ್ಟು ಹೊತ್ತೂ ವಿಭಕ್ತಿಯ ಚರ್ಚೆಗೆ ಬಂದಿಲ್ಲ. ಅವರು ಕಮಾನಿನ ಪಕ್ಕಕ್ಕೆ ಹೋಗಿ ಮೇಲೆ ನೋಡುತ್ತಿದ್ದಾರೆ. ಅಲ್ಲಿ ಕಾಲುವೆಯ ಕತ್ತರಿಸಿದ ಬಾಯಿ ಕಾಣುತ್ತದೆ, ಒಂದರ ಮೇಲೊಂದು ಎರಡು ತೂಬುಗಳು. ಕೆಳಗಿನದು ಕ್ಲಾಡಿಯಾ, ಮೇಲಿನದು ಹೊಸ ಅನಿಯೋ. “ಕೆಳಗಿನದು ಚಿಲುಮೆಯ ನೀರು, ಸುಣ್ಣದ ಅಂಶ ಜಾಸ್ತಿ, ಕಾಲುವೆಯೊಳಗೆ ಪದರಪದರವಾಗಿ ಗಟ್ಟಿಯಾಗುತ್ತೆ,” ಎನ್ನುತ್ತಾರೆ. “ಮೇಲಿನದು ಹೊಳೆಯ ನೀರು, ಮಳೆ ಬಂದರೆ ಕೆಸರು. ಇಂಥ ಎರಡನ್ನು ಒಂದರ ಮೇಲೊಂದು ಕೂರಿಸಿದರೆ ಭಾರ, ಸೋರಿಕೆ, ಎರಡಕ್ಕೂ ಜವಾಬು ಹೇಳಬೇಕಾಗುತ್ತೆ. ಕೆಳಗಿನ ಎರಡು ಶಾಸನದಲ್ಲಿ ಏನಿದೆ, ಓದಿ.”

ಮಧ್ಯದ ಪಟ್ಟಿ ವೆಸ್ಪೇಸಿಯನ್ ಚಕ್ರವರ್ತಿಯದು, ಕ್ರಿ.ಶ. 71ರದ್ದು. ಅವರೇ ಬೆರಳಿಟ್ಟುಕೊಂಡು ಹಾಳೆಯ ಮೇಲೆ ಓದುತ್ತಾರೆ. ದಿವಂಗತ ಕ್ಲಾಡಿಯಸನಿಂದ ತರಲ್ಪಟ್ಟು, ಆಮೇಲೆ ‘ಇಂತೆರ್ಮಿಸ್ಸಾಸ್’, ನಿಂತುಹೋಗಿ, ‘ದೀಲಾಪ್ಸಾಸ್‌ಕ್ವೇ’, ಕುಸಿದುಬಿದ್ದು, ‘ಪೆರ್ ಅನ್ನೋಸ್ ನೊವೆಂ’. ಅವರ ದನಿ ಏರುತ್ತದೆ. “ಒಂಬತ್ತು ವರ್ಷ! ಕಾಲುವೆ ಮುಗಿದದ್ದು 52ರಲ್ಲಿ. ಅಂದರೆ ನೀರು ಹರಿದದ್ದು ಹತ್ತೇ ವರ್ಷ. ಆಮೇಲೆ ಒಂಬತ್ತು ವರ್ಷ ಬಂದ್!” ಕೆಳಗಿನ ಪಟ್ಟಿ ವೆಸ್ಪೇಸಿಯನನ ಮಗ ಟೈಟಸನದು, ಅಪ್ಪನ ರಿಪೇರಿಯಾಗಿ ಹತ್ತು ವರ್ಷಕ್ಕೆ ಕೆತ್ತಿಸಿದ್ದು. ಅದರಲ್ಲಿ ಕಾರಣವೂ ಇದೆ: ‘ವೆತುಸ್ತಾತೆ’, ಹಳೆಯದಾದ್ದರಿಂದ. ಬುಡದಿಂದಲೇ ಕುಸಿದಿತ್ತಂತೆ. ಎಂಜಿನಿಯರ್ ಹಾಳೆಯಿಂದ ತಲೆಯೆತ್ತಿ ಟೀಚರನ್ನು ನೋಡುತ್ತಾರೆ. “ಮೂವತ್ತು ವರ್ಷ ತುಂಬದ ಕಲ್ಲು ಕಟ್ಟಡಕ್ಕೆ ವಯಸ್ಸಾಯಿತು ಅನ್ನೋ ಕಾರಣ ನಾನು ಒಪ್ಪೋದಿಲ್ಲ. ಕೆಲಸದಲ್ಲಿ ಅವಸರ ಆಗಿದೆ. ಗುತ್ತಿಗೆ ಯಾರದು?”

ಅವರ ಈ ಮಾತಿಗಾಗಿ ನಾನು ಇನ್ನೊಂದು ಟ್ರಾಮು ಹಿಡಿದು ಬೇಕಾದರೂ ಬಂದೇನು. ಇದೇ ಸಾಲನ್ನು ಹನ್ನೆರಡು ವರ್ಷದ ಹುಡುಗನ ಮುಂದಿಟ್ಟರೆ ಅವನು ಭೂತಕೃದಂತ ಗುರುತಿಸಿ, ಅಂಕ ಪಡೆದು, ಪುಟ ತಿರುಗಿಸುತ್ತಾನೆ. ಒಡೆದ ಪೈಪು, ಖಾಲಿ ನಲ್ಲಿ, ಬೀದಿಯವರ ಬೈಗುಳ ಎಲ್ಲ ಕಂಡ ಮನುಷ್ಯನಿಗೆ ‘ದೀಲಾಪ್ಸಾಸ್’ ಒಮ್ಮೆ ಓದಿದರೆ ಸಾಕು, ಸಾಯುವವರೆಗೂ ಮರೆಯುವುದಿಲ್ಲ. ದೊಡ್ಡವರಿಗೆ ಜ್ಞಾಪಕಶಕ್ತಿ ಕಡಿಮೆ, ಆದ್ದರಿಂದ ಹೊಸ ಭಾಷೆ ಹತ್ತುವುದಿಲ್ಲ ಎಂಬ ಮಾತು ಎಲ್ಲ ಊರಲ್ಲೂ ಇದೆ. ನಾನದನ್ನು ನಂಬುವುದಿಲ್ಲ. ಬದುಕಿನಲ್ಲಿ ಕಂಡದ್ದರ ಮೇಲೆ ಹೊಸ ಪದವನ್ನು ತಂದು ಇಟ್ಟರೆ ಅದು ನಿಲ್ಲುತ್ತದೆ. ಬರಿಯ ಪಟ್ಟಿಯ ಮೇಲೆ ಇಟ್ಟರೆ ಜಾರುತ್ತದೆ. ರೋಮಿನ ಹಳೆಯ ಕಾಟೋ ಮುಪ್ಪಿನಲ್ಲಿ ಗ್ರೀಕ್ ಕಲಿತದ್ದನ್ನು ರೋಮನರೇ ಹೆಮ್ಮೆಯಿಂದ ನೆನೆದರು. ಅಮೆರಿಕದಲ್ಲಿ ಫ್ರೆಡರಿಕ್ ವೀಲಾಕ್ ತನ್ನ ಪ್ರಸಿದ್ಧ ಲ್ಯಾಟಿನ್ ಪಠ್ಯವನ್ನು ಮೊದಲು ಸಿದ್ಧಪಡಿಸಿದ್ದೇ ಎರಡನೇ ಮಹಾಯುದ್ಧದಿಂದ ಮರಳಿ ಕಾಲೇಜು ಸೇರಿದ ಸೈನಿಕರಿಗಾಗಿ. 1956ರಲ್ಲಿ ಅಚ್ಚಾದ ಆ ಪುಸ್ತಕ ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ಡೆನ್ಮಾರ್ಕಿನ ಹಾನ್ಸ್ ಓರ್ಬೆರ್ಗ್ ಇನ್ನೊಂದು ದಾರಿ ಹಿಡಿದರು: ಮೊದಲ ಪುಟದಿಂದ ಕೊನೆಯವರೆಗೆ ಬರಿಯ ಲ್ಯಾಟಿನ್, ಅಂಚಿನಲ್ಲಿ ಚಿತ್ರ, ಅನುವಾದ ಎಲ್ಲೂ ಇಲ್ಲ. ನಮ್ಮ ಚೀಲಗಳಲ್ಲಿ ಈ ಎರಡರಲ್ಲೊಂದು ಇದ್ದೇ ಇದೆ, ಸಂಜೆ ಓದುತ್ತೇವೆ.

ಬಯಲಿನಲ್ಲಿ ಪಾಠ ಮಾಡುವ ಈ ರೂಢಿಗೆ ರೋಮಿನಲ್ಲಿ ಒಬ್ಬ ದೊಡ್ಡ ಗುರುವಿದ್ದರು. ಅಮೆರಿಕದ ಮಿಲ್ವಾಕಿಯಲ್ಲಿ 1939ರಲ್ಲಿ ಹುಟ್ಟಿದ ಕಾರ್ಮೆಲೈಟ್ ಪಾದ್ರಿ ರೆಜಿನಾಲ್ಡ್ ಫಾಸ್ಟರ್. ನಾಲ್ಕು ದಶಕ ವ್ಯಾಟಿಕನ್ನಿನ ಲ್ಯಾಟಿನ್ ವಿಭಾಗದಲ್ಲಿ ಪೋಪರ ಪತ್ರಗಳನ್ನು ಬರೆದರು. ಬೇಸಿಗೆಯಲ್ಲಿ ಯಾರು ಬಂದರೂ ದುಡ್ಡಿಲ್ಲದೆ ಕಲಿಸಿದರು, ಶಿಷ್ಯರನ್ನು ಸಿಸೆರೋ ಹುಟ್ಟಿದೂರಿಗೂ ಕರೆದೊಯ್ದರು. ಮಕ್ಕಳಾಟದ ಕಟ್ಟುವಾಕ್ಯ ಬೇಡ, ಮೊದಲ ದಿನದಿಂದಲೇ ನಿಜವಾದ ರೋಮನರು ಬರೆದದ್ದನ್ನು ಓದಬೇಕು ಎಂಬುದು ಅವರ ಹಟ. 2020ರ ಕ್ರಿಸ್‌ಮಸ್ ದಿನ ತೀರಿಕೊಂಡರು. ನಾವಿಂದು ನಿಂತಿರುವುದು ಅವರು ತುಳಿದು ಮಾಡಿದ ದಾರಿಯಲ್ಲೇ.

ನಡೆಯಿರಿ, ಕಮಾನು ದಾಟಿ ಆಚೆಗೆ ಹೋಗೋಣ. ಇಂದಿನ ಮುಖ್ಯ ಪಾಠ ಅಲ್ಲಿದೆ.

ಕಬ್ಬಿಣದ ಬೇಲಿಯೊಳಗೆ ಹತ್ತು ಮೀಟರಿನಷ್ಟು ಎತ್ತರದ ಒಂದು ವಿಚಿತ್ರ ಕಟ್ಟಡ. ಕೆಳಗೆ ನಿಂತ ಕೊಳವೆಗಳು, ಮೇಲೆ ಸಾಲಾಗಿ ದುಂಡನೆಯ ತೂತುಗಳು, ತಲೆಯ ಮೇಲೆ ಉಬ್ಬುಚಿತ್ರದ ಪಟ್ಟಿ. ಮೊದಲ ಸಲ ನೋಡಿದವರು ಕಾರ್ಖಾನೆಯ ಯಂತ್ರವೆಂದೇ ತಿಳಿಯಬೇಕು. ಇದು ಮಾರ್ಕುಸ್ ವೆರ್ಗಿಲಿಯುಸ್ ಎವ್ರಿಸಾಕೇಸ್ ಎಂಬ ಬೇಕರಿಯವನ ಗೋರಿ. ಕ್ಲಾಡಿಯಸನ ಕಮಾನಿಗಿಂತಲೂ ಹಳೆಯದು, ಕ್ರಿಸ್ತಪೂರ್ವ ಮೊದಲ ಶತಮಾನದ್ದು. ಕಾಲುವೆ ಕಟ್ಟಿದವರು ಇದನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋದರು. ಮುಂದೆ ಕೋಟೆಯ ಬುರುಜು ಇದನ್ನು ನುಂಗಿತು. 1838ರಲ್ಲಿ ಹದಿನಾರನೇ ಗ್ರೆಗೊರಿ ಪೋಪರು ಬುರುಜು ಕೆಡವಿಸಿದಾಗ ಗೋರಿ ಮತ್ತೆ ಬಿಸಿಲು ಕಂಡಿತು. ತೂತುಗಳು ಏನು ಎಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಾಳು ಅಳೆಯುವ ಪಾತ್ರೆ ಎನ್ನುವವರಿದ್ದಾರೆ, ಹಿಟ್ಟು ನಾದುವ ಯಂತ್ರದ ಬಾಯಿ ಎನ್ನುವವರಿದ್ದಾರೆ.

ದುರ್ಬೀನನ್ನು ಉಬ್ಬುಚಿತ್ರದ ಮೇಲೆ ನಿಲ್ಲಿಸಿ. ಗೋಧಿ ಬರುತ್ತಿದೆ, ಲೆಕ್ಕ ಬರೆದುಕೊಳ್ಳುತ್ತಿದ್ದಾರೆ. ಕತ್ತೆಗಳು ಬೀಸುವ ಕಲ್ಲು ತಿರುಗಿಸುತ್ತಿವೆ. ಜರಡಿ ಹಿಡಿದವರು ಇಲ್ಲಿ. ಅಲ್ಲಿ ಉದ್ದ ಮೇಜಿನ ಸುತ್ತ ಕಣಕದ ಉಂಡೆ ಮಾಡುವ ಆಳುಗಳು. ಒಬ್ಬ ಉದ್ದನೆಯ ಮರದ ಹಲಗೆಯಿಂದ ಗೂಡಿನಂಥ ಒಲೆಯೊಳಗೆ ಬ್ರೆಡ್ಡು ತಳ್ಳುತ್ತಿದ್ದಾನೆ. ಕೊನೆಯಲ್ಲಿ ದೊಡ್ಡ ತಕ್ಕಡಿ, ಬುಟ್ಟಿಗಳು, ಟೋಗಾ ಉಟ್ಟು ನಿಂತ ಗಣ್ಯರು. ಕತ್ತೆಯ ಬೆನ್ನು ಬಾಗಿದ್ದನ್ನು, ಉಂಡೆ ಮಾಡುವವನ ತೋಳು ಉಬ್ಬಿದ್ದನ್ನು ಶಿಲ್ಪಿ ಬಿಟ್ಟಿಲ್ಲ. ಕೆಲಸದವರ ಕೆಲಸವನ್ನು ಇಷ್ಟು ಗೌರವದಿಂದ ಕೆತ್ತಿಸಿದ ಗೋರಿಯನ್ನು ನಾನು ರೋಮಿನಲ್ಲಿ ಬೇರೆ ಕಂಡಿಲ್ಲ.

ಅದರ ಕೆಳಗೆ ಸಾಲು. ಸಿಸ್ಟರ್ ಓದುತ್ತಾರೆ, ನಿಧಾನವಾಗಿ, ಪ್ರತಿ ಪ್ರತ್ಯಯಕ್ಕೂ ನಿಂತು: “ಎಸ್ತ್ ಹೋಕ್ ಮೊನಿಮೆಂತುಂ ಮಾರ್ಕೆಯ್ ವೆರ್ಗಿಲೆಯ್ ಎವ್ರಿಸಾಕಿಸ್ ಪಿಸ್ತೋರಿಸ್ ರೆದೆಂಪ್ತೋರಿಸ್ ಅಪ್ಪಾರೆತ್.” ಆಮೇಲೆ ಕನ್ನಡದಲ್ಲಿ ನನಗೆ: “ಈ ಸ್ಮಾರಕ ಮಾರ್ಕುಸನದ್ದು, ವೆರ್ಗಿಲಿಯುಸನದ್ದು, ಎವ್ರಿಸಾಕೇಸನದ್ದು, ಬೇಕರಿಯವನದ್ದು, ಗುತ್ತಿಗೆದಾರನದ್ದು. ಎಷ್ಟು ಷಷ್ಠಿ ಮಾರಾಯ್ರೆ!”

ಟೀಚರ್ ಕೇಳುತ್ತಾರೆ: “ಈ ಹೆಸರಿನಲ್ಲಿ ಏನು ಇಲ್ಲ?”

ಎಲ್ಲರೂ ಹಾಳೆ ನೋಡುತ್ತೇವೆ. ನರ್ಸು ಮೊದಲು ಕಂಡುಹಿಡಿಯುತ್ತಾಳೆ. “ಎಫ್ ಇಲ್ಲ.” ಹೌದು. ಕಮಾನಿನ ಮೇಲಿನ ಕ್ಲಾಡಿಯಸನಿಗೆ ‘ದ್ರೂಸುಸನ ಮಗ’ ಎಂದಿತ್ತು. ಇವನಿಗೆ ಅಪ್ಪನ ಹೆಸರಿಲ್ಲ. ಹೆಸರಿನ ಕೊನೆಯ ಭಾಗ ಗ್ರೀಕಿನದು. ಬಹುಶಃ ಗುಲಾಮನಾಗಿದ್ದು ಬಿಡುಗಡೆ ಪಡೆದವನು ಎಂದು ಬಹಳ ವಿದ್ವಾಂಸರು ಊಹಿಸುವುದು ಇದರಿಂದಲೇ. ರೋಮಿನ ಕಾನೂನಿನಲ್ಲಿ ಗುಲಾಮನಿಗೆ ತಂದೆಯೇ ಇಲ್ಲ. ಒಂದು ಅಕ್ಷರ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಒಂದಿಡೀ ಸಮಾಜವಿದೆ. ಇದನ್ನು ಅನುವಾದದಲ್ಲಿ ಓದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಮೂಲದ ಅಕ್ಷರಗಳನ್ನು ಬೆರಳಿಟ್ಟು ಓದುವ ಶ್ರಮಕ್ಕೆ ಅರ್ಥ ಸಿಗುವುದು ಇಂಥಲ್ಲಿ.

ಇದೇ ಅಕ್ಷರಗಳು ನಮ್ಮ ಮಣ್ಣಿನಲ್ಲೂ ಮಲಗಿದ್ದವು ಎಂಬುದನ್ನು ಇಲ್ಲೊಮ್ಮೆ ಹೇಳಬೇಕು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸರ ನಾಣ್ಯಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮಿನ ನಾಣ್ಯ ಸಿಕ್ಕಿದೆ. ಅವುಗಳ ಅಂಚಿನಲ್ಲಿರುವುದು ಕಮಾನಿನ ಮೇಲಿರುವಂಥದ್ದೇ ತುಂಡುಪದಗಳು. ಇವತ್ತಿನ ಪಾಠ ಕಲಿತವರು ವಸ್ತುಸಂಗ್ರಹಾಲಯದಲ್ಲಿ ಟೈಬೀರಿಯಸನ ನಾಣ್ಯದ ಮುಂದೆ ನಿಂತರೆ ಪಕ್ಕದ ಚೀಟಿ ನೋಡದೆಯೇ ಓದಬಲ್ಲರು.

ಹಾಳೆಯ ಹಿಂಬದಿ ತಿರುಗಿಸಿ. ಇದೇ ಜಾಗದಲ್ಲಿ ಸಿಕ್ಕ ಇನ್ನೊಂದು ಬರಹ ಅಲ್ಲಿದೆ, ಅತಿಸ್ತಿಯಾ ಎಂಬ ಹೆಂಗಸಿನದು. ಎವ್ರಿಸಾಕೇಸನ ಹೆಂಡತಿ ಎಂದೇ ನಂಬಿಕೆ. ಓದುವ ಸರದಿ ಎಂಜಿನಿಯರ್ ಅವರದು. “ಫುಯಿತ್ ಅತಿಸ್ತಿಯಾ ಉಕ್ಸೋರ್ ಮಿಹೆಯ್.” ಅತಿಸ್ತಿಯಾ ನನಗೆ ಹೆಂಡತಿಯಾಗಿದ್ದಳು. ಅವರು ಅಲ್ಲೇ ನಿಲ್ಲುತ್ತಾರೆ. ಅವರ ಮಡದಿ ತೀರಿಕೊಂಡು ಬಹಳ ಕಾಲವಾಗಿಲ್ಲವೆಂದು ನಮಗೆಲ್ಲ ಗೊತ್ತು. ಟೀಚರ್ ಅವಸರ ಮಾಡುವುದಿಲ್ಲ. ಕೊಂಚ ಹೊತ್ತಿನ ಮೇಲೆ ಅವರೇ ಮುಂದುವರಿಯುತ್ತಾರೆ: ಒಳ್ಳೆಯವರಲ್ಲಿ ಒಳ್ಳೆಯವಳಾಗಿ ಬದುಕಿದಳು, ಅವಳ ದೇಹದಲ್ಲಿ ಉಳಿದದ್ದು ‘ಇನ್ ಹೋಕ್ ಪಾನಾರಿಯೋ’, ಈ ಬ್ರೆಡ್ಡಿನ ಬುಟ್ಟಿಯಲ್ಲಿದೆ.

“ಬುಟ್ಟಿಯಲ್ಲಿ?” ವಕೀಲರಿಗೆ ಆಶ್ಚರ್ಯ.

“ಬುಟ್ಟಿಯಲ್ಲೇ,” ಎಂಜಿನಿಯರ್ ದೃಢವಾಗಿ ಹೇಳುತ್ತಾರೆ. “ಅವನಿಗೆ ಗೊತ್ತಿದ್ದ ವಸ್ತುಗಳಲ್ಲಿ ಅತ್ಯಂತ ಒಳ್ಳೆಯದು ಅದು. ಜೀವಮಾನವಿಡೀ ತುಂಬಿದ ಬುಟ್ಟಿ. ಹೆಂಡತಿಯನ್ನು ಬೇರೆ ಯಾವುದರಲ್ಲಿ ಇಡ್ತಾನೆ?”

ಅವರು ಕಾಗುಣಿತದ ಕಡೆಗೂ ನಮ್ಮನ್ನು ಎಳೆಯುತ್ತಾರೆ. ‘ಒಪ್ತಿಮಾ’ ಇರಬೇಕಾದಲ್ಲಿ ‘ಒಪಿತುಮಾ’, ‘ವೀಕ್ಸಿತ್’ ಇರಬೇಕಾದಲ್ಲಿ ‘ವೆಯ್ಕ್ಸ್‌ಸಿತ್’. ಪುಸ್ತಕದ ಲ್ಯಾಟಿನ್ ಇಸ್ತ್ರಿ ಮಾಡಿದ ಭಾಷೆ. ಬೇಕರಿಯವನು ಬರೆಸಿದ್ದು ತನ್ನ ಕಾಲದ, ತನ್ನ ಬೀದಿಯ ಬರವಣಿಗೆಯನ್ನು. ಈ ಒಂದೆರಡು ಸಾಲಿನಲ್ಲಿ ಭೂತಕಾಲ, ಚತುರ್ಥೀ, ಷಷ್ಠೀ, ಸಂಬಂಧಾರ್ಥಕ ಸರ್ವನಾಮ ಎಲ್ಲ ಬಂದುಹೋದವು. ಯಾರಿಗೂ ಪಾಠವೆಂದು ಅನಿಸಲಿಲ್ಲ.

ಈಗ ಜಗಳದ ಹೊತ್ತು. ಗೋರಿಯ ಮೇಲಿನ ಶಾಸನದ ಕಡೆಯ ಪದ ‘ಅಪ್ಪಾರೆತ್’. ಇದು ಒಂದು ಸರ್ಕಾರಿ ಹುದ್ದೆಯ ಹೆಸರಿನ ಮೊಟಕು ರೂಪ, ಎವ್ರಿಸಾಕೇಸ್ ಅಧಿಕಾರಿಗಳ ಕೈಕೆಳಗೂ ಕೆಲಸ ಮಾಡಿದ್ದ ಎನ್ನುವುದು ಒಂದು ಪಕ್ಷ. ಅಲ್ಲ, ಅದು ಪೂರ್ತಿ ಕ್ರಿಯಾಪದ, ‘ಕಾಣುತ್ತಲೇ ಇದೆ’ ಎಂದರ್ಥ, ಇದು ಯಾರ ಗೋರಿಯೆಂದು ನೋಡಿದರೇ ತಿಳಿಯುತ್ತದೆ ಎಂದು ಅವನು ಹೆಮ್ಮೆಪಡುತ್ತಿದ್ದಾನೆ ಎನ್ನುವುದು ಇನ್ನೊಂದು. ವಕೀಲರು ಹುದ್ದೆಯ ಪರ: ಗುತ್ತಿಗೆದಾರನಾದವನು ಸರ್ಕಾರದ ನಂಟನ್ನು ಬರೆಸದೆ ಬಿಡುವುದಿಲ್ಲ. ನರ್ಸು ಮತ್ತು ಸಿಸ್ಟರ್ ಕ್ರಿಯಾಪದದ ಪರ. ನಾನೂ ಅವರ ಕಡೆಯೇ. ಮೇಲಿರುವ ಕತ್ತೆ, ತಕ್ಕಡಿ, ಒಲೆಗಳನ್ನು ನೋಡಿದ ಮೇಲೆ ‘ಕಾಣುತ್ತಲೇ ಇದೆ’ ಎನ್ನದೆ ಇನ್ನೇನು ಹೇಳಲಿ? ಟೀಚರ್ ತೀರ್ಪು ಕೊಡುವುದಿಲ್ಲ. ಇಂದು ಕಲಿಯಲು ಶುರುಮಾಡಿದವರೂ ಜೀವಮಾನ ಲ್ಯಾಟಿನಿನಲ್ಲೇ ಕಳೆದವರೂ ಈ ಪದದ ಮುಂದೆ ಒಂದೇ ಬೇಲಿಯ ಹೊರಗೆ ನಿಂತಿರುವವರು ಎನ್ನುತ್ತಾರೆ.

ಬಿಸಿಲು ನೆತ್ತಿಗೇರಿದೆ. ನೀರಿನ ಬಾಟಲಿಗಳು ಖಾಲಿ. ಟೀಚರ್ ನಾಳೆಯ ಮನೆಪಾಠದ ಹಾಳೆ ಹಂಚುತ್ತಿದ್ದಾರೆ. ಫ್ರಾಂಟಿನಸ್ ಬರೆದದ್ದು. ಕ್ರಿ.ಶ. 97ರಲ್ಲಿ ರೋಮಿನ ನೀರಿನ ಮುಖ್ಯಾಧಿಕಾರಿಯಾದಾಗ ಅವನು ಬ್ರಿಟನ್ನಿನ ಗವರ್ನರ್ ಗಿರಿ ಮುಗಿಸಿ ಬಂದ ಹಿರಿಯ. ಕೈಕೆಳಗಿನವರು ಹೇಳಿದಂತೆ ಕೇಳುವುದು ನಾಚಿಕೆಗೇಡು ಎಂದು ಕೆಲಸವನ್ನು ಬುಡದಿಂದ ಕಲಿಯಲು ಹೊರಟ, ಕಲಿತದ್ದನ್ನು ಮೊದಲು ತನ್ನ ಉಪಯೋಗಕ್ಕೇ ಪುಸ್ತಕ ಮಾಡಿದ. ಹಾಳೆಯ ಮೊದಲ ಪರಿಚ್ಛೇದದಲ್ಲಿ ನೀರಗಂಟಿಗಳ ಕಳ್ಳತನವಿದೆ: ಬೀದಿಯ ಕಲ್ಲಿನಡಿ ಓಡುವ ಸೀಸದ ಪೈಪಿಗೆ ಅಲ್ಲಲ್ಲಿ ತೂತು ಕೊರೆದು ಅಂಗಡಿಗಳಿಗೆ ಗುಟ್ಟಾಗಿ ನೀರು ಬಿಡುವುದು, ಆ ಕೊರೆತದ ಉಸ್ತುವಾರಿಗೇ ಒಬ್ಬ ಆಸಾಮಿ ಇದ್ದದ್ದು.

“ಇದು ನನಗೆ,” ಎಂಜಿನಿಯರ್ ಹಾಳೆಯ ಮೇಲೆ ಕೈಯಿಟ್ಟು ಬಿಡುತ್ತಾರೆ. ಶಿಕ್ಷೆಯ ಭಾಗ ವಕೀಲರಿಗೆ. ಹೊಸ ಅನಿಯೋದ ಕೆಸರು ನೀರಿನ ವಾಕ್ಯ ನರ್ಸಿಗೆ. ಪೀಠಿಕೆಯಲ್ಲಿ ಒಂದು ಪರಿಚ್ಛೇದದಷ್ಟು ಉದ್ದದ ಒಂದೇ ವಾಕ್ಯವಿದೆ, ಅದನ್ನು ಸಿಸ್ಟರ್ ಮತ್ತು ನಾನು ಹಂಚಿಕೊಳ್ಳುತ್ತೇವೆ.

“ಕ್ರಿಯಾಪದ ಎಲ್ಲುಂಟು?” ಟ್ರಾಮು ಹತ್ತುತ್ತ ಸಿಸ್ಟರ್ ಕೇಳುತ್ತಾರೆ.

“ಕೊನೆಯಿಂದ ನೋಡಿ ಸಿಸ್ಟರ್. ನಾನು ಮೊದಲಿಂದ ಬರ್ತೀನಿ.”